ಒಂದು ಕಂಪ್ಯೂಟರಿನ ಎರಡು ಮನೆ

ಜನವರಿ 9

ಪ್ರೀತಿಯ ಪಾಪಚ್ಚಿ,

ನಲವತ್ತು ದಾಟಿದವಳನ್ನು ಪಾಪಚ್ಚಿ ಎಂದು ಕರೆಯಲು ನನಗೆ ಈಗಲೂ ನಾಲಗೆ ತಡವರಿಸುತ್ತದೆ. ಆದರೆ ನಿನ್ನ ಅಣ್ಣ, "ಬೇರೆ ಏನಾದ್ರೂ ಕರೆದ್ರೆ ಅವಳು ತಿರುಗಿಯೂ ನೋಡಲ್ಲ" ಅನ್ನುತ್ತಾರೆ. ನಾನು ಈ ಮನೆಗೆ ಬಂದು ಎಂಟು ತಿಂಗಳಿಗೇ ನೀನು ಹವಾಮಾನ ಕೇಂದ್ರದ ಕೆಲಸವೆಂದು ಆ ದ್ವೀಪಕ್ಕೆ ಹೊರಟುಬಿಟ್ಟೆ. ಅತ್ತಿಗೆ ನಾದಿನಿ ಒಂದು ಸಲವಾದರೂ ಸರಿಯಾಗಿ ಜಗಳವಾಡುವಷ್ಟು ಸಮಯವೂ ಸಿಗಲಿಲ್ಲ ನೋಡು.

ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಅಣ್ಣನ ಕನ್ನಡಕದ ಅಂಗಡಿಗೆ ಹೊಸ ಬಣ್ಣ ಬಳಿಸಿದ್ದಾರೆ. ಯಾವ ಬಣ್ಣವೆಂದು ಮಾತ್ರ ಕೇಳಬೇಡ. ದಾರಿಯಲ್ಲಿ ಹೋಗುವವರು ಅದನ್ನು ನೋಡಿ ಕಣ್ಣುಜ್ಜಿಕೊಂಡು ಸೀದಾ ಒಳಗೇ ಬರುತ್ತಾರೆ, ವ್ಯಾಪಾರಕ್ಕೆ ಒಳ್ಳೆಯದೇ ಆಯಿತು.

ಈಗ ಕೆಲಸದ ಮಾತು. ನಮ್ಮ ರಂಗಮಂದಿರ ಮೇ ತಿಂಗಳಿಗೆ ದೊಡ್ಡ ನಾಟಕವೊಂದನ್ನು ಎತ್ತಿಕೊಂಡಿದೆ. ಉಡುಪೆಲ್ಲ ನನ್ನ ತಲೆಯ ಮೇಲೆ. ಅಳತೆ ಕೊಟ್ಟರೆ ಬಟ್ಟೆ ಕತ್ತರಿಸುವ ನಕ್ಷೆಯನ್ನು ತಾನೇ ಬರೆದುಕೊಡುವ ಪ್ರೋಗ್ರಾಂ ಒಂದು ಬಂದಿದೆಯಂತೆ, ಹೊಸ ಲಿನಕ್ಸ್, ಅಂದರೆ ಕಂಪ್ಯೂಟರನ್ನೇ ನಡೆಸುವ ಮೂಲ ಪ್ರೋಗ್ರಾಂ, ಇದ್ದರೆ ಮಾತ್ರ ಓಡುತ್ತದಂತೆ. ಮನೆಯಲ್ಲಿರುವ ನಿನ್ನ ಕಂಪ್ಯೂಟರಿನಲ್ಲಿ ಇರುವುದು ಹಳೆಯ ಲಿನಕ್ಸ್. ಅದನ್ನು ತೆಗೆಯುವ ಹಾಗಿಲ್ಲ, ನೀನು ವರ್ಷಗಟ್ಟಲೆ ಮಹಡಿಯಿಂದ ತೆಗೆದ ಮೋಡದ ಚಿತ್ರಗಳೂ ಅವನ್ನು ವಿಂಗಡಿಸುವ ನಿನ್ನ ಪ್ರೋಗ್ರಾಮೂ ಅದರಲ್ಲೇ ಇವೆ ಎಂದು ನಿನ್ನ ಅಣ್ಣ ಹೇಳಿದರು. ನಮ್ಮ ರಂಗಮಂದಿರದಲ್ಲಿ ದೀಪದ ಕೆಲಸ ಮಾಡುವವಳೊಬ್ಬಳಿದ್ದಾಳೆ, ಇಂಥದ್ದರಲ್ಲಿ ಎತ್ತಿದ ಕೈ. "ಹಳೇದನ್ನ ಮುಟ್ಟೋದೇ ಬೇಡ ಅಕ್ಕ, ಪಕ್ಕದಲ್ಲೇ ಹೊಸದನ್ನೂ ಹಾಕಬಹುದು. ಕಂಪ್ಯೂಟರ್ ಹಚ್ಚಿದಾಗ ಯಾವುದು ಬೇಕು ಅಂತ ಅದೇ ಕೇಳತ್ತೆ" ಎಂದಳು. ಒಂದು ವಿಷಯ ಮಾತ್ರ ನಿನ್ನನ್ನೇ ಕೇಳಬೇಕಂತೆ: ಫೈಲುಗಳನ್ನೆಲ್ಲ ಇಡುವ ಹೋಮ್ ಎನ್ನುವುದನ್ನು ಎರಡಕ್ಕೂ ಒಂದೇ ಇಡುವುದೋ, ಬೇರೆ ಬೇರೆ ಮಾಡುವುದೋ?

ಇನ್ನೊಂದು. ಮಹಡಿಯ ನಿನ್ನ ಕೋಣೆಯಲ್ಲಿ ಬೆಳಕು ಚೆನ್ನಾಗಿದೆ. ಬಟ್ಟೆ ಕತ್ತರಿಸುವ ಮೇಜನ್ನು ಅಲ್ಲಿ ಹಾಕಿಕೊಳ್ಳಲೇ? ಸಂಕೋಚವಿಲ್ಲದೆ ಹೇಳು.

ದಯವಿಟ್ಟು ಕನ್ನಡದಲ್ಲಿ ಬರಿ ಮಹಾರಾಯ್ತಿ. ಪ್ರಿಂಟರ್ ಬಗ್ಗೆ ಹಿಂದೆ ನೀನು ಬರೆದ ಪತ್ರದಲ್ಲಿ ಸಾಲಿಗೆ ಆರು ಇಂಗ್ಲಿಷ್ ಪದ ತುರುಕಿದ್ದೆ. ಓದಿ ಮುಗಿಸುವಷ್ಟರಲ್ಲಿ ನನಗೆ ಪ್ರಿಂಟರೇ ಬೇಡವೆನಿಸಿತ್ತು.

ನಿನ್ನ ಅತ್ತಿಗೆ


ಫೆಬ್ರವರಿ 2

ಪ್ರೀತಿಯ ಅತ್ತಿಗೆ,

ದೋಣಿ ಹೊರಡುವ ಹೊತ್ತು. ಜನರೇಟರ್ ನೋಡಿಕೊಳ್ಳುವವರು ಬಾಗಿಲಲ್ಲೇ ನಿಂತು, "ಬರೀರಿ ಬರೀರಿ, ದೋಣಿಯವನ್ನ ನಾನು ಮಾತಾಡಿಸ್ತಾ ಇರ್ತೀನಿ" ಎನ್ನುತ್ತಿದ್ದಾರೆ. ಇಲ್ಲಿಂದ ಹವಾಮಾನದ ಅಂಕಿಗಳು ಮಾತ್ರ ಗಾಳಿಯಲ್ಲಿ ಹೋಗುತ್ತವೆ, ನಮ್ಮ ಸ್ವಂತ ಮಾತಿಗೆ ತಿಂಗಳಿಗೊಮ್ಮೆ ಬರುವ ಈ ದೋಣಿಯೇ ಗತಿ. ಅದಕ್ಕೇ ಚುಟುಕಾಗಿ ಬರೆಯುತ್ತೇನೆ. ನೀವು ಹೇಳಿದಂತೆ ಅಚ್ಚಕನ್ನಡದಲ್ಲಿ!

ಮನೆಯ ವಿಷಯ ಕೇಳಿದ್ದೀರಿ. ನನ್ನ ಅಭಿಪ್ರಾಯ ಖಂಡಿತ: ಒಂದೇ ಮನೆ ಬೇಡ. ಮೊದಮೊದಲು ಚೆನ್ನಾಗಿಯೇ ನಡೆಯುತ್ತದೆ. ಆಮೇಲೆ ಒಬ್ಬರು ಇಟ್ಟದ್ದನ್ನು ಇನ್ನೊಬ್ಬರು ಕದಲಿಸಿ, ಅವರ ರೀತಿ ಇವರಿಗೆ ಆಗದೆ, ಒಂದು ದಿನ ಬಾಗಿಲೇ ತೆರೆಯದ ಸ್ಥಿತಿ ಬರುತ್ತದೆ. ಎಷ್ಟೋ ಕಡೆ ನೋಡಿದ್ದೇನೆ. ಹೊಸಬರೂ ಹಳಬರೂ ಒಂದೇ ಹೆಸರಿಟ್ಟುಕೊಂಡು ಒಂದೇ ಮನೆಯಲ್ಲಿ ಕೂತರೆ ಜಗಳ ತಪ್ಪಿದ್ದಲ್ಲ.

ಹಳೆಯ ಮನೆ ನನ್ನದು, ಇದ್ದ ಹಾಗೇ ಇರಲಿ. ನೀವು ಬೇರೆ ಮನೆ ಮಾಡಿಕೊಳ್ಳಿ. ಚಿಕ್ಕದಾದರೂ ಚಿಂತೆಯಿಲ್ಲ, ಆಮೇಲೆ ಬೆಳೆಸಬಹುದು. ಬೇಕಾದ ಸಾಮಾನನ್ನು ಹಳೆಯದರಿಂದ ತೆಗೆದುಕೊಂಡು ಹೋಗಿ. ಆದರೆ ಕಣ್ಣಿಗೆ ಕಾಣದಂತೆ ಇಟ್ಟಿರುವುದನ್ನು ಮಾತ್ರ ಮುಟ್ಟಬೇಡಿ, ಅಲ್ಲಿಯದು ಅಲ್ಲೇ ಇರಬೇಕು.

ದೋಣಿಯವನು ಕೂಗುತ್ತಿದ್ದಾನೆ. ಅಣ್ಣನಿಗೆ ಹೇಳಿ.

ನಿಮ್ಮ ಪಾಪಚ್ಚಿ

ಮತ್ತೆ: ಒಂದಾದರೂ ಇಂಗ್ಲಿಷ್ ಪದ ಇದೆಯೇ ನೋಡಿ. ಜನರೇಟರ್ ಲೆಕ್ಕಕ್ಕಿಲ್ಲ.


ಫೆಬ್ರವರಿ 26

ಪ್ರೀತಿಯ ನಾದಿನಿಗೆ,

ನಿನ್ನ ಪತ್ರ ತಲುಪಿತು. ಕನ್ನಡದಲ್ಲೇ ಬರೆದದ್ದಕ್ಕೆ ವಂದನೆಗಳು. ಅರ್ಥವಾಗದ ಪದ ಒಂದೂ ಇರಲಿಲ್ಲ.

ನೀನು ಹೇಳಿದಂತೆಯೇ ಆಗಲಿ. ಇದನ್ನು ನಾವೇ ಯೋಚಿಸಬೇಕಿತ್ತು. ನಿನ್ನಿಂದ ಹೇಳಿಸಿಕೊಳ್ಳುವವರೆಗೆ ಸುಮ್ಮನಿದ್ದದ್ದು ನಮ್ಮ ತಪ್ಪು.

ಬೇರೆ ಮನೆ ನೋಡಿದ್ದೇವೆ. ಎರಡು ಕೋಣೆ, ಒಂದು ಹಜಾರ. ಚಿಕ್ಕದೇ, ಆದರೆ ಚಿಕ್ಕದಾದರೂ ಚಿಂತೆಯಿಲ್ಲವೆಂದು ನೀನೇ ಬರೆದಿದ್ದೀಯ. ಮೊದಲು ನನ್ನ ಬಟ್ಟೆಯ ಸಾಮಾನು ಸಾಗಿಸುತ್ತೇನೆ, ಉಳಿದದ್ದು ನಿಧಾನವಾಗಿ. ನೀನು ಕಾಣದಂತೆ ಇಟ್ಟಿರುವುದನ್ನು ನಾನು ಮುಟ್ಟುವವಳಲ್ಲ. ಏನಿದೆ ಎಂದು ಕೇಳುವವಳೂ ಅಲ್ಲ. ಹಳೆಯ ಮನೆಯನ್ನು ಗುಡಿಸಿ ಒರೆಸಿ ಒಪ್ಪವಾಗಿ ನಿನಗೆ ಒಪ್ಪಿಸುತ್ತೇವೆ.

ನಿನ್ನ ಅಣ್ಣ ಆರೋಗ್ಯವಾಗಿದ್ದಾರೆ.

ಇತಿ,
ಅತ್ತಿಗೆ


ಮಾರ್ಚ್ 21

ಪ್ರೀತಿಯ ಅತ್ತಿಗೆ,

ಭೇಷ್! ನೀವು ಇಷ್ಟು ಬೇಗ ಬೇರೆ ಮನೆ ಹೂಡುತ್ತೀರೆಂದು ನಾನು ಎಣಿಸಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ನೀವು ಇಷ್ಟು ಚೆನ್ನಾಗಿ ತಮಾಷೆ ಮಾಡುತ್ತೀರೆಂದೇ ನನಗೆ ಗೊತ್ತಿರಲಿಲ್ಲ. ಮುಖದ ಒಂದು ಗೆರೆಯೂ ಅಲುಗದ ಹಾಗೆ ಇಡೀ ಪತ್ರ ಬರೆದಿದ್ದೀರಲ್ಲ! "ಗುಡಿಸಿ ಒರೆಸಿ ಒಪ್ಪಿಸುತ್ತೇವೆ" ಎಂಬಲ್ಲಿಗೆ ಬಂದಾಗ ಕುಡಿಯುತ್ತಿದ್ದ ಚಹಾ ಮೂಗಿಗೆ ಏರಿತು. ಗುಡಿಸುವುದೇನೂ ಬೇಡ. ಬೇಡದ ಫೈಲುಗಳು ಒಂದಷ್ಟು ಬಿದ್ದಿದ್ದರೆ ಬಿದ್ದಿರಲಿ, ಡಿಸ್ಕಿನಲ್ಲಿ ಅರ್ಧಕ್ಕರ್ಧ ಜಾಗ ಖಾಲಿಯೇ ಇದೆ.

ಜನರೇಟರ್‌ನವರಿಗೂ ಓದಿ ಹೇಳಿದೆ. ಅವರು ನಗಲಿಲ್ಲ. ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು, "ಇನ್ನೊಂದ್ಸಲ ಓದಿ" ಎಂದರು. ಓದಿದೆ. "ಇವ್ರು ತಮಾಷೆ ಮಾಡ್ತಿಲ್ಲ ಅನ್ಸತ್ತೆ ನೋಡಿ. ಏನೋ ನೊಂದ್ಕೊಂಡಿದಾರೆ" ಎಂದರು. "ನಿಮಗೆ ನಮ್ಮ ಅತ್ತಿಗೆ ಗೊತ್ತಾ, ನನಗೆ ಗೊತ್ತಾ?" ಎಂದು ಬಾಯಿ ಮುಚ್ಚಿಸಿದೆ. ಅವರು ಯಾವಾಗಲೂ ಹೀಗೆಯೇ. ಇಂಜಿನ್ ಸದ್ದು ಒಂದಿಷ್ಟು ಬದಲಾದರೂ ಕಿವಿ ನಿಮಿರಿಸಿಕೊಂಡು ಕೂರುತ್ತಾರೆ.

ಇರಲಿ, ಎರಡು ಕೋಣೆಯ ಲೆಕ್ಕ ಸರಿಯಾಗಿದೆ. ಹೊಸ ಲಿನಕ್ಸಿಗೆ ಒಂದು, ಅದರ ಮನೆಗೆ ಇನ್ನೊಂದು. ಆ ಹಜಾರ ಯಾವುದೆಂದು ಮೊದಲು ಹೊಳೆಯಲಿಲ್ಲ. ಆಮೇಲೆ ತಿಳಿಯಿತು, ಎರಡು ಕಡೆಯವರೂ ಬಳಸುವ ಸಾಮಾನಿಗೆಂದು ಮೂರನೆಯ ಭಾಗ ಮಾಡಿದ್ದೀರಿ! ನಾನು ಅವಸರದಲ್ಲಿ ಬರೆಯಲು ಮರೆತದ್ದೇ ಅದು. ನೀವಾಗಿಯೇ ಮಾಡಿಬಿಟ್ಟಿರಿ. ಚಿತ್ರ, ಪತ್ರ, ಹಾಡು, ನಿಮ್ಮ ನಕ್ಷೆ ಎಲ್ಲವೂ ಆ ಹಜಾರದಲ್ಲಿರಲಿ. ಯಾವ ಲಿನಕ್ಸಿನಿಂದ ಒಳಗೆ ಬಂದರೂ ಸಿಗುತ್ತವೆ. ಪ್ರೋಗ್ರಾಮುಗಳು ತಮಗಾಗಿ ಬರೆದುಕೊಂಡು ಅಡಗಿಸಿಡುವ ಫೋಲ್ಡರುಗಳು ಮಾತ್ರ ಅವರವರ ಮನೆಯಲ್ಲೇ ಇರಬೇಕು. ಹೆಸರಿನ ಮೊದಲು ಚುಕ್ಕಿ ಇರುವವು ಅವು, ಸಾಮಾನ್ಯವಾಗಿ ಕಾಣಿಸುವುದಿಲ್ಲ.

ಮಹಡಿಯ ಕೋಣೆಯ ವಿಷಯಕ್ಕೆ ಉತ್ತರಿಸುವುದನ್ನೇ ಮರೆತೆ. ಇದೇನು ಅತ್ತಿಗೆ, ಕೇಳಬೇಕೇ? ಮೇಜು ಹಾಕಿ, ಹೊಲಿಗೆ ಯಂತ್ರ ಹಾಕಿ, ನನ್ನ ಮಂಚವನ್ನು ಬೇಕಾದರೆ ಯಾರಿಗಾದರೂ ಕೊಟ್ಟುಬಿಡಿ. ನೀವಿಬ್ಬರು ಅಲ್ಲಿದ್ದೀರಿ ಎನ್ನುವುದಕ್ಕೇ ನನಗೆ ಅದು ಮನೆ ಎನಿಸುವುದು. ಇಲ್ಲದಿದ್ದರೆ ಬರೀ ಗೋಡೆ.

ಇಲ್ಲಿ ಗಾಳಿ ಬಲವಾಗಿದೆ. ಮೊನ್ನೆ ಅಳತೆಯ ಕಂಬವೇ ವಾಲಿತು. ನಾನೂ ಜನರೇಟರ್‌ನವರೂ ಹಗ್ಗ ಹಿಡಿದು ಇಡೀ ಮಧ್ಯಾಹ್ನ ನಿಂತಿದ್ದೆವು. ಅವರಿಗೆ ಹಳೆಯ ಹಾಡುಗಳು ಬಹಳ ಬರುತ್ತವೆ, ಒಂದಕ್ಕೂ ಶ್ರುತಿ ಮಾತ್ರ ಇಲ್ಲ.

ನಿಮ್ಮ ಪಾಪಚ್ಚಿ


ಏಪ್ರಿಲ್ 14

ನನ್ನ ಮುದ್ದು ಪಾಪಚ್ಚಿ,

ಎಲ್ಲಿಂದ ಶುರು ಮಾಡಲಿ? ಮೊದಲು ಆ ಜನರೇಟರ್‌ನವರಿಗೆ ನನ್ನ ನಮಸ್ಕಾರ ತಿಳಿಸು. ಇಡೀ ದ್ವೀಪದಲ್ಲಿ ಬುದ್ಧಿ ಇರುವುದು ಅವರೊಬ್ಬರಿಗೇ.

ನಾನು ತಮಾಷೆ ಮಾಡಿರಲಿಲ್ಲ ಕಣೇ! ನೀನು ಬರೆದ ಮನೆ ಕಂಪ್ಯೂಟರಿನ ಒಳಗಿನ ಹೋಮ್ ಎಂದು ನನಗೇನು ಕನಸು ಬಿದ್ದಿತ್ತೇ? ನಾವು ಇರುವ ಮನೆ, ಈ ಹೆಂಚು, ಈ ಬಾಗಿಲು ಎಂದುಕೊಂಡೆ. "ಹೊಸಬರೂ ಹಳಬರೂ ಒಂದೇ ಮನೆಯಲ್ಲಿ ಕೂತರೆ ಜಗಳ ತಪ್ಪಿದ್ದಲ್ಲ." ಇದನ್ನು ಓದಿದ ಯಾವ ಅತ್ತಿಗೆಗೆ ತಾನೇ ತಡೆದೀತು ಹೇಳು? ಮಹಡಿಯ ಕೋಣೆ ಕೇಳಿದ್ದಕ್ಕೆ ನಾದಿನಿ ಇಡೀ ಮನೆಯಿಂದಲೇ ಎಬ್ಬಿಸುತ್ತಿದ್ದಾಳೆ ಎಂದುಕೊಂಡೆ. ನೀವಿಬ್ಬರೂ ಹುಟ್ಟಿ ಬೆಳೆದ ಮನೆ ಇದು, ನಾನು ನಾಲ್ಕು ವರ್ಷದ ಹಿಂದೆ ಬಂದವಳು. ಮೇಜು ಹಾಕಿಕೊಳ್ಳಲೇ ಎಂದು ಕೇಳಿದ್ದೇ ಹೆಚ್ಚಾಯಿತೇನೋ ಎಂದು ನನ್ನನ್ನು ನಾನೇ ಬೈದುಕೊಂಡೆ.

ನಿನ್ನ ಅಣ್ಣನ ವಿಷಯ ಕೇಳು. ಪತ್ರ ಓದಿದರು. ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು. ಆಮೇಲೆ ಅಂಗಡಿಯ ಇನ್ನೊಂದು ಕನ್ನಡಕ ಹಾಕಿಕೊಂಡು ಓದಿದರು. "ಅಕ್ಷರ ಅವಳದ್ದೇ" ಎಂದರು, ಅಷ್ಟೇ. ಅವತ್ತಿನಿಂದ ಮನೆಯಲ್ಲಿ ಮೆಲ್ಲಗೆ ನಡೆಯತೊಡಗಿದರು, ಯಾರದೋ ಮನೆಗೆ ನೆಂಟರಾಗಿ ಬಂದವರಂತೆ. ಲೋಟ ಇಡುವಾಗಲೂ ಸದ್ದಾಗದಂತೆ ಇಡುವರು. ಅದನ್ನು ನೋಡಿ ನನಗೆ ಅಳು ಬರುತ್ತಿತ್ತು. ಮುದ್ರಣಾಲಯದ ಮಹಡಿಯ ಮೇಲೆ ಒಂದು ಮನೆ ಖಾಲಿಯಿದೆ ಎಂದು ತಿಳಿದು ಹೋಗಿ ನೋಡಿದೆವು. ಎರಡು ಕೋಣೆ, ಒಂದು ಹಜಾರ. ಇದು ನಿಜವಾದ ಇಟ್ಟಿಗೆ ಗಾರೆಯ ಹಜಾರ ತಾಯಿ, ನಿನ್ನ ಡಿಸ್ಕಿನದಲ್ಲ.

ಮೊನ್ನೆ ನಿನ್ನ ಪತ್ರ ಬಂದಾಗ ನಾನು ಪಾತ್ರೆಗಳನ್ನು ಪೇಪರಿನಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬುತ್ತಿದ್ದೆ. ನಿನ್ನ ಅಣ್ಣನೇ ಗಟ್ಟಿಯಾಗಿ ಓದಿದರು.

"ಡಿಸ್ಕಿನಲ್ಲಿ ಅರ್ಧಕ್ಕರ್ಧ ಜಾಗ ಖಾಲಿಯೇ ಇದೆ." ಅಲ್ಲಿಗೆ ನಿಂತರು. "ಡಿಸ್ಕು ಎಲ್ಲಿಂದ ಬಂತೇ?"

"ಯಾವ ಡಿಸ್ಕು?"

"ಅದೇ ನಾನೂ ಕೇಳ್ತಿರೋದು. ಮನೆ ವಿಷಯದಲ್ಲಿ ಡಿಸ್ಕು ಯಾಕೆ ಬಂತು?"

ಮುಂದಿನದನ್ನು ಓದುತ್ತ ಓದುತ್ತ ಅವರ ದನಿ ಏರಿತು. "ನೀವಿಬ್ಬರು ಅಲ್ಲಿದ್ದೀರಿ ಎನ್ನುವುದಕ್ಕೇ ನನಗೆ ಅದು ಮನೆ" ಎಂಬಲ್ಲಿ ಆ ದನಿ ಪೂರ್ತಿ ಕೈಕೊಟ್ಟಿತು. ಆಮೇಲೆ ನಗು. ನೆಲದ ಮೇಲೆ ಪೆಟ್ಟಿಗೆಗಳ ನಡುವೆ ಕೂತು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಪಕ್ಕದ ಮನೆಯವರು ಬಂದು, "ಏನ್ರೀ, ಎಲ್ಲಾ ಸರಿ ಇದೆಯಾ?" ಎಂದು ಕೇಳಿಕೊಂಡು ಹೋದರು.

ಈಗ ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಇದನ್ನು ಇಷ್ಟು ದಿನ ನಿನ್ನಿಂದ ಮುಚ್ಚಿಟ್ಟಿದ್ದೆ.

ನಿನ್ನ ಉತ್ತರಕ್ಕೆ ಕಾಯುವಷ್ಟು ತಾಳ್ಮೆ ನನಗಿರಲಿಲ್ಲ. ಜನವರಿಯಲ್ಲಿ ಹೋಮ್ ಬಗ್ಗೆ ಕೇಳಿ ಪತ್ರ ಬರೆದ ವಾರದಲ್ಲೇ ದೀಪದವಳು ಕೊಟ್ಟ ಪೆನ್ ಡ್ರೈವಿನಿಂದ ನಾವೇ ಹೊಸ ಲಿನಕ್ಸ್ ಹಾಕಿದೆವು. ನಡುವೆ ಅದು ಹೋಮ್ ಎಲ್ಲಿ ಎಂದು ಕೇಳಿತು. ನಿನ್ನ ಅಣ್ಣ, "ಒಂದೇ ಮನೆಯವರಲ್ವಾ, ಸೇರ್ಸು ಅತ್ಲಾಗೆ" ಎಂದರು. ನಿನ್ನ ಹಳೆಯ ಹೋಮನ್ನೇ ತೋರಿಸಿ, ನಿನ್ನ ಹೆಸರನ್ನೇ ಕೊಟ್ಟೆವು. ಮೊದಲ ವಾರ ಸೊಗಸಾಗಿ ನಡೆಯಿತು. ಹೊಸದರಲ್ಲಿಯೂ ನಿನ್ನದೇ ಮೋಡದ ಚಿತ್ರ ಪರದೆಯ ತುಂಬ ಬಂದಾಗ ಖುಷಿಯೇ ಆಯಿತು. ನಿನ್ನ ಮೋಡಗಳನ್ನು ನೋಡೋಣವೆಂದು ಅದರಲ್ಲಿದ್ದ ನಿನ್ನ ಅದೇ ಚಿತ್ರದ ಪ್ರೋಗ್ರಾಮಿನ ಹೊಸ ಆವೃತ್ತಿಯನ್ನು ತೆರೆದೆ. "ಸಂಗ್ರಹವನ್ನು ಹೊಸ ಆವೃತ್ತಿಗೆ ಬದಲಾಯಿಸಲೇ?" ಎಂದು ಕೇಳಿತು. ಹೂಂ ಎಂದೆ.

ಅದಾದಮೇಲೆ ಹಳೆಯ ಲಿನಕ್ಸಿಗೆ ಹೋದರೆ ಪರದೆಯ ಕೆಳಗಿನ ಪಟ್ಟಿಯೇ ಮಾಯ. ಅಕ್ಷರಗಳು ಕುಂಬಳಕಾಯಿಯಷ್ಟು ದಪ್ಪ. ನಿನ್ನ ಪ್ರೋಗ್ರಾಂ, "ಈ ಸಂಗ್ರಹ ಹೊಸ ಆವೃತ್ತಿಯದು, ಇಲ್ಲಿ ತೆರೆಯಲಾಗದು" ಎಂದು ಹೇಳಿ ಬೂದು ಬಣ್ಣದ ಖಾಲಿ ಹಾಳೆ ತೋರಿಸಿತು. ಒಂದು ಮೋಡವೂ ಇಲ್ಲ ಪಾಪಚ್ಚಿ. ಅಷ್ಟು ವರ್ಷದ ಆಕಾಶ ನನ್ನ ಒಂದು ಹೂಂಗೆ ಹೋಯಿತು. ಕಾಣದಂತೆ ಇಟ್ಟಿದ್ದನ್ನು ಮುಟ್ಟಬೇಡಿ ಎಂದು ನೀನು ಬರೆದಾಗ, ಇವಳಿಗೆ ಎಲ್ಲ ತಿಳಿದುಹೋಗಿದೆ, ಅದಕ್ಕೇ ಮನೆ ಬಿಡಿಸುತ್ತಿದ್ದಾಳೆ ಎಂದೂ ಅನ್ನಿಸಿತ್ತು. ದೀಪದವಳನ್ನು ಕೇಳಲೂ ಧೈರ್ಯವಾಗಲಿಲ್ಲ. ಹೊಸದರಲ್ಲಿ ನನ್ನ ನಕ್ಷೆಯ ಕೆಲಸವನ್ನಷ್ಟೇ ಮಾಡುತ್ತೇನೆ, ಹಳೆಯದರ ಕಡೆ ಹೋಗುವುದನ್ನೇ ಬಿಟ್ಟಿದ್ದೇನೆ.

ಬೈಯುವುದಿದ್ದರೆ ಚೆನ್ನಾಗಿ ಬೈದು ಬರಿ. ಅಚ್ಚಕನ್ನಡ ಬೇಡ, ಯಾವ ಭಾಷೆಯಲ್ಲಾದರೂ ಸರಿ.

ನಿನ್ನ ಅತ್ತಿಗೆ


ಮೇ 12

ಪಾಪಚ್ಚಿ,

ಈ ಸಲ ದೋಣಿಯಲ್ಲಿ ನಿನ್ನ ಪತ್ರವಿರಲಿಲ್ಲ. ಬಂದರಿನ ಕಚೇರಿಯವರು, "ದೋಣಿ ಅರ್ಧ ದಾರಿಯಿಂದ ವಾಪಸ್ ಬಂತು" ಎಂದರು. ಅದು ನಿಜವೇ, ನನ್ನ ಮುಖ ನೋಡಿ ಸಮಾಧಾನಕ್ಕೆ ಹೇಳಿದರೇ ತಿಳಿಯಲಿಲ್ಲ. ನಿನಗೆ ಕೋಪ ಬಂದಿದ್ದರೆ ನ್ಯಾಯವೇ. ಆದರೆ ಕೋಪವನ್ನಾದರೂ ಎರಡು ಸಾಲಿನಲ್ಲಿ ಬರೆದು ಕಳಿಸು, ಈ ಮೌನ ನನ್ನಿಂದಾಗದು.

ನಾಟಕ ಶುರುವಾಗಿದೆ. ಉಡುಪಿಗೆ ಎಲ್ಲರೂ ಚಪ್ಪಾಳೆ ಹೊಡೆದರು. ಮೊದಲ ದಿನವೇ ರಾಜನ ಅಂಗಿಯ ತೋಳು ಹರಿಯಿತು. ಅವನು ಅದನ್ನೇ ಯುದ್ಧದ ಗಾಯವೆಂದು ನಟಿಸಿ ಮಾನ ಉಳಿಸಿದ.

ಅತ್ತಿಗೆ


ಜೂನ್ 3

ಪ್ರೀತಿಯ ಅತ್ತಿಗೆ,

ಬಂದರಿನವರು ಹೇಳಿದ್ದು ನಿಜ. ದೋಣಿ ನಮಗೂ ಬಾಲ ತೋರಿಸಿ ತಿರುಗಿ ಹೋಯಿತು. ಅಲೆ ಮನೆಯೆತ್ತರ. ಇಂದು ನಿಮ್ಮ ಎರಡೂ ಪತ್ರಗಳು ಒಟ್ಟಿಗೇ ಕೈ ಸೇರಿವೆ. ದೋಣಿ ನಾಳೆ ಹೊರಡುವುದು, ಹಾಗಾಗಿ ಈ ಸಲ ನಿಧಾನವಾಗಿ ಬರೆಯುತ್ತೇನೆ.

ಅಯ್ಯೋ ಅತ್ತಿಗೆ! ನನ್ನ ಫೆಬ್ರವರಿಯ ಪತ್ರವನ್ನು ನೆನಪಿಸಿಕೊಂಡು ನಿಮ್ಮ ಕಣ್ಣಿನಿಂದ ಓದಿ ನೋಡಿದೆ. ಅದನ್ನು ಓದಿಯೂ ನೀವು ನನಗೆ "ಪ್ರೀತಿಯ ನಾದಿನಿಗೆ" ಎಂದು ಬರೆದಿರಲ್ಲ! ಅಣ್ಣ ಲೋಟವನ್ನು ಸದ್ದಾಗದಂತೆ ಇಡುತ್ತಿದ್ದ ಎಂಬಲ್ಲಿ ಪತ್ರ ಮಡಚಿಟ್ಟು ಹೊರಗೆ ಹೋಗಿ ನಿಂತೆ. ನನ್ನ ತಮಾಷೆಯ ಅಚ್ಚಕನ್ನಡಕ್ಕೆ ಬೆಂಕಿ ಬಿತ್ತು. ಹೋಮ್ ಇನ್ನು ಮುಂದೆ ಹೋಮೇ.

ಈಗ ಮೋಡಗಳ ವಿಷಯ. ನಿಜ ಹೇಳುತ್ತೇನೆ, ಬೂದು ಹಾಳೆ ಎಂದು ಓದಿದಾಗ ಎಲ್ಲ ಹೋಯಿತೆಂದೇ ಎಣಿಸಿದೆ. ಆಮೇಲೆ ಯೋಚಿಸಿದೆ. ಚಿತ್ರಗಳು ಹೋಗಿಲ್ಲ ಅತ್ತಿಗೆ. ಅವು ಹೋಮ್ ಒಳಗೆ "ಮೋಡ" ಎಂಬ ಮಾಮೂಲಿ ಫೋಲ್ಡರಿನಲ್ಲಿವೆ. ಫೈಲುಗಳನ್ನು ತೋರಿಸುವ ಕಿಟಕಿಯಲ್ಲಿ ಅದನ್ನು ತೆರೆದರೆ ಈಗಲೇ ಕಾಣುತ್ತವೆ. ಕೆಟ್ಟಿರುವುದು ಪ್ರೋಗ್ರಾಂ ಅಡಗಿಸಿಟ್ಟಿರುವ ಸೂಚಿ ಮಾತ್ರ, ಯಾವ ಚಿತ್ರಕ್ಕೆ ಯಾವ ಜಾತಿಯ ಮೋಡವೆಂದು ನಾನು ಗುರುತು ಹಾಕಿದ್ದು. ಒಂದೇ ಹೋಮಿನಲ್ಲಿ ಎರಡು ಲಿನಕ್ಸ್ ಇದ್ದರೆ ಆಗುವ ಎಡವಟ್ಟೇ ಇದು. ಹೊಸ ಪ್ರೋಗ್ರಾಂ ಸೂಚಿಯನ್ನು ತನ್ನ ರೀತಿಯಲ್ಲಿ ತಿದ್ದಿ ಬರೆಯುತ್ತದೆ, ಹಳೆಯದಕ್ಕೆ ಆ ಬರವಣಿಗೆ ತಿಳಿಯುವುದಿಲ್ಲ. ಕೆಳಗಿನ ಪಟ್ಟಿ ಹೋದದ್ದೂ ಅಕ್ಷರ ಕುಂಬಳಕಾಯಿ ಆದದ್ದೂ ಇದೇ ಕಾರಣಕ್ಕೆ. ಆದರೆ ತಿದ್ದುವ ಮೊದಲು ಅದು ಹಳೆಯ ಸೂಚಿಯ ಒಂದು ನಕಲನ್ನು ಪಕ್ಕದಲ್ಲೇ ಇಟ್ಟಿರುತ್ತದೆ. ನೂರಕ್ಕೆ ತೊಂಬತ್ತು ಪಾಲು ಇರಲೇಬೇಕು.

ದೀಪದವಳನ್ನು ಕರೆಯಿರಿ, ನಾಚಿಕೆ ಬೇಡ. ಮೊದಲು ಇಡೀ ಹೋಮನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಲಿ, ಅದಾಗುವವರೆಗೆ ಯಾವುದನ್ನೂ ಮುಟ್ಟಬಾರದು. ಆಮೇಲೆ ಹೊಸ ಲಿನಕ್ಸಿಗೆ ಖಾಲಿ ಜಾಗದಲ್ಲಿ ಅದರದೇ ಹೋಮ್ ಮಾಡಿ, ಹಳೆಯ ಹೋಮನ್ನು ಅದು ತನ್ನದೆಂದುಕೊಳ್ಳುವುದನ್ನು ನಿಲ್ಲಿಸಲಿ. ಹಳೆಯದರಲ್ಲಿ ಚುಕ್ಕಿ ಹೆಸರಿನ ಆ ಫೋಲ್ಡರುಗಳನ್ನು ಅಳಿಸದೆ ಹೆಸರು ಬದಲಿಸಿ ಪಕ್ಕಕ್ಕಿಟ್ಟು, ಸೂಚಿಯ ಹಳೆಯ ನಕಲನ್ನು ಅದರ ಜಾಗಕ್ಕೆ ತರಲಿ. ಡಿಸ್ಕಿನಲ್ಲಿ ಹೊಸದಾಗಿ ಮೂರನೆಯ ಭಾಗವೊಂದನ್ನು ಮಾಡಿ, ಮೋಡವನ್ನೂ ನಿಮ್ಮ ನಕ್ಷೆಗಳನ್ನೂ ಅದಕ್ಕೆ ಸಾಗಿಸಿ, ಎರಡೂ ಹೋಮಿನಿಂದ ಅಲ್ಲಿಗೆ ಒಂದೊಂದು ಕೊಂಡಿ ಹಾಕಿದರೆ ಆಯಿತು. ಹಳೆಯ ಹೋಮಿನಲ್ಲಿ ಕೊಂಡಿಗೂ "ಮೋಡ" ಎಂಬ ಹೆಸರನ್ನೇ ಇಡಲಿ, ಆಗ ಪ್ರೋಗ್ರಾಂ ದಾರಿ ತಪ್ಪುವುದಿಲ್ಲ. ಇನ್ನೊಂದು ಮರೆಯಬಾರದು: ಎರಡೂ ಕಡೆ ಬಳಕೆದಾರರ ನಂಬರ್ ಒಂದೇ ಇರಬೇಕು. ಲಿನಕ್ಸ್ ಹೆಸರು ನೋಡುವುದಿಲ್ಲ, ನಂಬರ್ ನೋಡುತ್ತದೆ. ನಂಬರ್ ಬೇರೆಯಾದರೆ ನಿಮ್ಮ ಫೈಲನ್ನೇ ನಿಮ್ಮದಲ್ಲ ಎನ್ನುತ್ತದೆ.

ಸೂಚಿ ಸಿಗದೇ ಹೋದರೂ ಚಿಂತಿಸಬೇಡಿ. ಮೋಡಗಳಿಗೆ ಮತ್ತೆ ಗುರುತು ಹಾಕಬಹುದು. ಇಬ್ಬರೂ ಕೂತು ಹಾಕೋಣ.

ಹೌದು, ಇಬ್ಬರೂ ಎಂದೆ. ಇನ್ನು ನಾನು ಮುಚ್ಚಿಟ್ಟದ್ದು. ಹಿಂದಿನ ಪತ್ರದಲ್ಲೇ ಹೇಳಬೇಕೆಂದುಕೊಂಡು ಹೇಳದೇ ಉಳಿದದ್ದು.

ಜುಲೈ ಕೊನೆಯ ದೋಣಿಯಲ್ಲಿ ನಾನು ವಾಪಸ್ ಬರುತ್ತಿದ್ದೇನೆ, ಇನ್ನು ಅಲ್ಲೇ ಇರುತ್ತೇನೆ. ಒಬ್ಬಳೇ ಬರುವುದಿಲ್ಲ. ಜನರೇಟರ್‌ನವರೂ ಬರುತ್ತಾರೆ. ನೀವಿದನ್ನು ಊಹಿಸಿರುತ್ತೀರಿ ಎಂದು ಅವರು ಹೇಳುತ್ತಾರೆ. ಅವರ ಊಹೆ ಸಾಮಾನ್ಯವಾಗಿ ಸರಿಯಿರುತ್ತದೆ ಎಂಬುದೇ ಅವರಲ್ಲಿ ನನಗೆ ಸಿಟ್ಟು ಬರಿಸುವ ಒಂದೇ ಗುಣ. ಅವರ ಹೆಂಡತಿ ತೀರಿಕೊಂಡು ಬಹಳ ವರ್ಷಗಳಾದವು. ಕಂಬ ವಾಲಿದ ದಿನ ಹಗ್ಗ ಹಿಡಿದುಕೊಂಡೇ ಕೇಳಿದರು. ಎರಡು ಕೈಯಲ್ಲೂ ಹಗ್ಗವಿತ್ತು, ಓಡಿಹೋಗುವಂತಿರಲಿಲ್ಲ. ಹೂಂ ಎಂದೆ. ಇಲ್ಲಿಯ ಅಧಿಕಾರಿಯ ಮುಂದೆ ಕಳೆದ ವಾರ ಇಬ್ಬರೂ ಸಹಿ ಹಾಕಿದೆವು.

ಅಣ್ಣನಿಗೆ ಮೊದಲೇ ಹೇಳದೆ ಮಾಡಿದೆ ಎಂಬುದು ಚುಚ್ಚುತ್ತಿದೆ. "ಮದುವೆ ಗಿದುವೆ ಸುದ್ದಿ ತೆಗೆದರೆ ನೋಡು" ಎಂದು ಇಪ್ಪತ್ತು ವರ್ಷ ಅವನ ಬಾಯಿ ಮುಚ್ಚಿಸಿದವಳು ನಾನೇ. ಈಗ ಯಾವ ಮುಖ ಇಟ್ಟುಕೊಂಡು ಹೇಳಲಿ? ನೀವೇ ಹೇಳಿ ಅತ್ತಿಗೆ. ಅವನು ಏನೆಂದ ಎಂದು ಇದ್ದದ್ದು ಇದ್ದ ಹಾಗೆ ಬರೆಯಿರಿ. ನಾವು ಬೇರೆ ಎಲ್ಲಾದರೂ ಇರಲು ಸಿದ್ಧ. ಈ ಸಲ ಮನೆ ಎಂದರೆ ಮನೆಯೇ.

ನಿಮ್ಮ ಪಾಪಚ್ಚಿ


ಜೂನ್ 29

ಪ್ರೀತಿಯ ಪಾಪಚ್ಚಿ,

ಮೊದಲು ಮೋಡ. ದೀಪದವಳು ಬಂದು ನಿನ್ನ ಪತ್ರವನ್ನು ಪಕ್ಕದಲ್ಲಿಟ್ಟುಕೊಂಡು ಕೂತಳು. "ಇದನ್ನ ಮೊದಲೇ ಹೇಳಬಾರದಿತ್ತಾ ಅಕ್ಕ? ಯಾವ ಬಟನ್ ಕೇಳಿದ್ರೂ ಹೂಂ ಅನ್ನೋದನ್ನ ಬಿಡಿ" ಎಂದು ಬೈದಳು. ನಕಲು ಮಾಡುವುದಕ್ಕೇ ಅರ್ಧ ದಿನ ಹೋಯಿತು. ಆ ನಂಬರಿನ ಮಾತು ನೀನು ಹೇಳಿರದಿದ್ದರೆ ನಾವು ಮತ್ತೆ ಎಡವುತ್ತಿದ್ದೆವಂತೆ. ಸಂಜೆ ಹಳೆಯ ಲಿನಕ್ಸ್ ತೆರೆದಾಗ ಅಕ್ಷರ ಮೊದಲಿನ ಗಾತ್ರಕ್ಕೆ ಬಂದಿತ್ತು. ನಿನ್ನ ಪ್ರೋಗ್ರಾಂ ಒಂದೆರಡು ಕ್ಷಣ ಯೋಚಿಸಿತು. ನಾನು ಕಣ್ಣು ಮುಚ್ಚಿಕೊಂಡಿದ್ದೆ. "ಬಂತು, ಬಂತು, ಬಂತು" ಎಂದು ನಿನ್ನ ಅಣ್ಣ ಕೂಗಿದಾಗ ತೆರೆದೆ. ಪರದೆಯ ತುಂಬ ಆಕಾಶ. ಒಂದೊಂದರ ಕೆಳಗೂ ನಿನ್ನ ಗುರುತು. ನಾನು ಮದುವೆಯಾಗಿ ಬಂದ ದಿನದ ಮೋಡವನ್ನೂ ಹಿಡಿದಿದ್ದೀಯಲ್ಲೇ! ಅದರ ಕೆಳಗೆ "ಹತ್ತಿಯಂಥದ್ದು, ಅತ್ತಿಗೆ ಬಂದರು" ಎಂದಿದೆ. ಅಲ್ಲಿಯವರೆಗೆ ತಡೆದುಕೊಂಡಿದ್ದ ನನ್ನ ಅಳು ಆಮೇಲೆ ನಿಲ್ಲಲಿಲ್ಲ.

ಈಗ ನನ್ನ ನಕ್ಷೆಗಳಿಗೆ ಅವುಗಳದೇ ಹೋಮ್ ಇದೆ, ನಿನ್ನದು ನಿನಗಿದೆ. ಮೂರನೆಯ ಭಾಗದಲ್ಲಿ ನಿನ್ನ ಮೋಡಗಳೂ ನನ್ನ ರಾಜನ ತೋಳೂ ಅಕ್ಕಪಕ್ಕ.

ಇನ್ನು ಮುದ್ರಣಾಲಯದ ಮೇಲಿನ ಮನೆ. ಅದರ ಒಡತಿಗೆ ಬೇಡವೆಂದು ಹೇಳಲು ಹೋದೆವು. ಹಜಾರದಲ್ಲಿ ನಿಂತು ನೋಡಿದರೆ ಇಡೀ ಗೋಡೆಗೆ ಕಿಟಕಿ, ದಿನವಿಡೀ ಒಂದೇ ಹದದ ಬೆಳಕು. ಕೆಳಗೆ ಯಂತ್ರದ ಸದ್ದು, ಶಾಯಿಯ ವಾಸನೆ. ನಾನು ಬೇಡ ಎನ್ನುವುದನ್ನು ಮರೆತು, ಮೇಜು ಎಲ್ಲಿ ಹಾಕಲಿ ಎಂದು ಹೆಜ್ಜೆ ಹಾಕಿ ಅಳೆಯುತ್ತಿದ್ದೆನಂತೆ. ಒಡತಿ ನಕ್ಕು, "ವಾಸಕ್ಕೆ ಬೇಡ ಅಂದ್ರೆ ಕೆಲಸಕ್ಕೆ ಇಟ್ಕೊಳ್ಳಿ, ನಂಗೂ ಹೊಲಿಗೆ ಯಂತ್ರದ ಸದ್ದು ಇಷ್ಟ" ಎಂದರು. ಇಟ್ಟುಕೊಂಡೆವು. ನಿನ್ನ ತಪ್ಪು ಪತ್ರ ಬಾರದೇ ಇದ್ದಿದ್ದರೆ ನಾನು ಆ ಬೆಳಕನ್ನು ನೋಡುತ್ತಲೇ ಇರಲಿಲ್ಲ. ಹಾಗಾಗಿ ಮಹಡಿಯ ನಿನ್ನ ಕೋಣೆ ಪೂರ್ತಿ ಖಾಲಿ.

ಕೊನೆಗೆ ನಿನ್ನ ಅಣ್ಣ. ಇದ್ದದ್ದು ಇದ್ದ ಹಾಗೆ ಬರೆ ಎಂದಿದ್ದೀಯ, ಬರೆಯುತ್ತೇನೆ.

ಮದುವೆಯ ಭಾಗವನ್ನು ನಾನೇ ಓದಿ ಹೇಳಿದೆ. ಎದ್ದು ಚಪ್ಪಲಿ ಮೆಟ್ಟಿ ಹೊರಗೆ ಹೋದರು. ಒಂದು ಗಂಟೆಯಾದರೂ ಸುಳಿವಿಲ್ಲ. ಆಮೇಲೆ ಬೀದಿಯಲ್ಲಿ ಗದ್ದಲ ಕೇಳಿ ಹೊರಗೆ ಬಂದರೆ, ಒಂದು ಕೈಗಾಡಿ, ಅದರ ಮೇಲೆ ಇಬ್ಬರು ಮಲಗುವ ದೊಡ್ಡ ಮರದ ಮಂಚ, ಅದರ ಹಿಂದೆ ನಿನ್ನ ಅಣ್ಣ.

"ಏನ್ರೀ ಇದು?" ಎಂದೆ.

"ಅವಳ ಮಂಚ ಒಬ್ರಿಗೇ ಸಾಲಲ್ಲ, ಮೊದಲಿಂದ್ಲೂ ಕಾಲು ಹೊರಗೆ ಹಾಕ್ಕೊಂಡೇ ಮಲಗ್ತಿದ್ಲು" ಎಂದರು.

ಮೆಟ್ಟಿಲಿನ ತಿರುವಿನಲ್ಲಿ ಮಂಚ ಸಿಕ್ಕಿಕೊಂಡಿತು. ಓರೆ ಮಾಡಿದರೂ ಹೋಗಲಿಲ್ಲ, ತಲೆಕೆಳಗು ಮಾಡಿದರೂ ಹೋಗಲಿಲ್ಲ. ಕೊನೆಗೆ ಹೊರಗಿನಿಂದ ಹಗ್ಗ ಕಟ್ಟಿ ನಿನ್ನ ಕೋಣೆಯ ದೊಡ್ಡ ಕಿಟಕಿಗೆ ಎಳೆಯುವುದೆಂದಾಯಿತು. ನಿನ್ನ ಅಣ್ಣ ಮಹಡಿಯಲ್ಲಿ ಹಗ್ಗದ ತುದಿ ಹಿಡಿದರು. ಕೆಳಗೆ ಪಕ್ಕದ ಮನೆಯವರು, ಎದುರು ಮನೆಯವರು, ಅಂಚೆಯವರು, ಕನ್ನಡಕ ರಿಪೇರಿಗೆ ಬಂದಿದ್ದ ಒಬ್ಬರು, ಎಲ್ಲರೂ ಸೇರಿದರು. ದೀಪದವಳು ರಂಗದ ಪರದೆ ಎಳೆಯುವವಳಂತೆ, "ಎಳೀರಿ, ಬಿಡ್ರಿ, ಎಳೀರಿ" ಎಂದು ಕೂಗುತ್ತಿದ್ದಳು. ಮಂಚ ಗಾಳಿಯಲ್ಲಿ ತಿರುಗುತ್ತ ಮೇಲೇರಿತು. ಯಾರೋ ಕೆಳಗಿನಿಂದ ಕೇಳಿದರು, "ಯಾರಿಗ್ರೀ ಇಷ್ಟು ದೊಡ್ಡ ಮಂಚ?"

ಕನ್ನಡಕದ ಅಂಗಡಿಯಲ್ಲಿ ದಿನಕ್ಕೆ ಹತ್ತು ಮಾತಿಗಿಂತ ಹೆಚ್ಚು ಆಡದ ಮನುಷ್ಯ ಕಿಟಕಿಯಿಂದ ಅರ್ಧ ಹೊರಗೆ ಬಾಗಿ, ಇಡೀ ಬೀದಿಗೆ ಕೇಳುವಂತೆ ಕೂಗಿದರು:

"ನನ್ ತಂಗಿಗೆ ಕಣ್ರೀ! ಗಂಡನ್ನ ಕರ್ಕೊಂಡು ಮನೆಗೆ ಬರ್ತಿದಾಳೆ!"

ನಿನ್ನ ಅತ್ತಿಗೆ